ಫೋನ್ ಮಗಳದ್ದು, ಹೊಣೆ ನಮ್ಮದು: ಎಷ್ಟು ನೋಡಬೇಕು, ಎಲ್ಲಿ ನಿಲ್ಲಬೇಕು?

ಎರಡು ವರ್ಷದ ಹಿಂದೆ ನಾನು ಮಗಳ ವಾಟ್ಸಾಪ್ ಅನ್ನು ಅವಳಿಗೆ ಗೊತ್ತಿಲ್ಲದ ಹಾಗೆ ನನ್ನ ಲ್ಯಾಪ್‌ಟಾಪ್‌ಗೆ ಜೋಡಿಸಿಕೊಂಡೆ. ಅವಳಿಗೆ ಆಗ 13, ಎಂಟನೇ ಕ್ಲಾಸ್. ಅವಳು ಸ್ನಾನಕ್ಕೆ ಹೋದಾಗ ಫೋನ್ ಎತ್ತಿಕೊಂಡೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದೆ, ಇದ್ದ ಜಾಗದಲ್ಲೇ ಇಟ್ಟೆ. ಒಂದು ನಿಮಿಷದ ಕೆಲಸ. ತುಮಕೂರಿನ ಎಷ್ಟೋ ಮನೆಗಳ ಹಾಗೆ ನಮ್ಮದೂ. ಅವಳ ಅಪ್ಪ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ಮನೆ ಸೇರುವಾಗ ರಾತ್ರಿ ಎಂಟೂವರೆ. ನಾನು ಬರುವುದು ಸಂಜೆ ಆರಕ್ಕೆ. ಸ್ಕೂಲಿಂದ ಬಂದ ಮೇಲೆ ಎರಡು ಗಂಟೆ ಮನೆಯಲ್ಲಿ ಅವಳು ಮತ್ತು ಫೋನ್, ಅಷ್ಟೇ. ನನಗೆ ಭಯ ಇತ್ತು. ಸುಮ್ನೆ ಹುಟ್ಟಿದ ಭಯ ಅಲ್ಲ ಅದು.

ಹತ್ತು ದಿನ ಓದಿದೆ. ನಾನು ಹೆದರಿದ್ದು ಯಾವುದೂ ಅಲ್ಲಿರಲಿಲ್ಲ. ಬೇರೆ ವಿಷಯಗಳಿದ್ದವು. ಒಬ್ಬ ಗೆಳತಿಯ ಅಪ್ಪ ಕುಡಿದು ಬಂದು ಹೊಡೆಯುತ್ತಾನೆ. ಇನ್ನೊಬ್ಬಳು ಕ್ಲಾಸಲ್ಲಿ ಮುಟ್ಟಾಗಿ, ಯೂನಿಫಾರ್ಮ್ ಕಲೆಯಾಗಿ, ಬಾತ್‌ರೂಮಲ್ಲಿ ಕೂತು ಅತ್ತಿದ್ದಾಳೆ. ಆ ಮಕ್ಕಳು ನನ್ನ ಮಗಳನ್ನು ನಂಬಿ ಹೇಳಿಕೊಂಡ ಮಾತುಗಳವು. ನನಗೆ ಹೇಳಿದ್ದಲ್ಲ. ಹನ್ನೊಂದನೇ ದಿನ ಅವಳು ಏನನ್ನೋ ಹುಡುಕುತ್ತಾ 'ಲಿಂಕ್ಡ್ ಡಿವೈಸಸ್' ಒತ್ತಿದಳು. ಅಲ್ಲಿ ನನ್ನ ಲ್ಯಾಪ್‌ಟಾಪ್ ಕಾಣಿಸಿತು. ಕಿರುಚಾಡಲಿಲ್ಲ. "ಅಮ್ಮ, ಕೇಳಿದ್ದಿದ್ರೆ ನಾನೇ ತೋರಿಸ್ತಿದ್ನಲ್ಲ" ಅಂದಳು. ಆಮೇಲೆ ನಾಲ್ಕು ತಿಂಗಳು ನನ್ನ ಹತ್ತಿರ ಊಟ, ಹೋಂವರ್ಕ್ ಬಿಟ್ಟು ಬೇರೆ ಮಾತೇ ಇಲ್ಲ.

ಆ ನಾಲ್ಕು ತಿಂಗಳಲ್ಲಿ ಈ ವಿಷಯವನ್ನು ಕೂತು ಸರಿಯಾಗಿ ತಿಳಿದುಕೊಂಡೆ. ಶೆಟ್ಟಿಹಳ್ಳಿ ಕಡೆಯ ನಮ್ಮ ಬೀದಿಯಲ್ಲಿ ಈಗಲೂ ತಾಯಂದಿರು ಸಿಕ್ಕಾಗ "ಅಕ್ಕ, ಮಕ್ಕಳ ಫೋನ್‌ಗೆ ಯಾವ ಆ್ಯಪ್ ಹಾಕೋದು?" ಅಂತ ಕೇಳುತ್ತಾರೆ. ಆ್ಯಪ್ ಯಾವುದು ಅನ್ನುವುದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಇದೆ. ನಾವು ನೋಡಬೇಕಾಗಿರುವುದು ಏನನ್ನು?

ಮಗಳು ಸಂಜೆ ಗೆಳತಿ ಮನೆಗೆ ಹೊರಟಳು ಅಂದುಕೊಳ್ಳಿ. ಯಾರ ಮನೆ, ಎಲ್ಲಿ, ಎಷ್ಟು ಹೊತ್ತಿಗೆ ವಾಪಸ್, ಕೈಯಲ್ಲಿ ಎಷ್ಟು ದುಡ್ಡಿದೆ ಅಂತ ಕೇಳುತ್ತೇವೆ. ಕೇಳಲೇಬೇಕು. ಆದರೆ ಆ ಮನೆಯ ಕಿಟಕಿ ಕೆಳಗೆ ನಿಂತು ಇಬ್ಬರೂ ಏನು ಮಾತಾಡುತ್ತಾರೆ ಅಂತ ಕಿವಿ ಕೊಡುವುದಿಲ್ಲ. ಫೋನಲ್ಲೂ ಹಾಗೇ ಎರಡು ಥರದ ವಿಷಯ ಇದೆ. ಯಾವ ಆ್ಯಪ್ ಇದೆ, ಎಷ್ಟು ಹೊತ್ತು ನೋಡುತ್ತಾಳೆ, ಹೊಸಬರು ಯಾರು ಅವಳಿಗೆ ಮೆಸೇಜ್ ಕಳಿಸಬಹುದು, ದುಡ್ಡು ಖರ್ಚಾಗುತ್ತಾ, ಇವೆಲ್ಲ ಬಾಗಿಲಿನ ವಿಷಯ. ಅವಳು ಗೆಳತಿಗೆ ಏನು ಬರೆದಳು ಅನ್ನುವುದು ಒಳಗಿನ ಮಾತು. ಹೆಚ್ಚಿನ ಅಪಾಯ ಬರುವುದು ಬಾಗಿಲಿನಿಂದ. ನಾವು ಬಾಗಿಲನ್ನು ಹಾರು ಹೊಡೆದು ಬಿಟ್ಟು, ಒಳಗಿನ ಮಾತು ಕದ್ದು ಓದುತ್ತಾ ಕೂರುತ್ತೇವೆ. ನಾನು ಮಾಡಿದ ತಪ್ಪು ಇದೇ.

ಈಗ ಸಿಗುವ ಒಳ್ಳೆಯ ಸೌಲಭ್ಯಗಳು ಬಹುತೇಕ ಬಾಗಿಲು ಕಾಯುವಂಥವೇ. ಗೂಗಲ್‌ನ ಫ್ಯಾಮಿಲಿ ಲಿಂಕ್ ತೆಗೆದುಕೊಳ್ಳಿ. ಆಂಡ್ರಾಯ್ಡ್ ಫೋನ್‌ಗೆ ಉಚಿತ. ಮಗು ಹೊಸ ಆ್ಯಪ್ ಹಾಕಬೇಕಾದರೆ ನಮ್ಮ ಫೋನ್‌ಗೆ ಕೋರಿಕೆ ಬರುತ್ತದೆ. ದಿನಕ್ಕೆ ಇಷ್ಟು ಹೊತ್ತು, ರಾತ್ರಿ ಇಷ್ಟು ಗಂಟೆಗೆ ಲಾಕ್ ಅಂತ ಇಡಬಹುದು. ಯಾವ ಆ್ಯಪ್ ಎಷ್ಟು ಹೊತ್ತು ತೆರೆದಿತ್ತು, ಫೋನ್ ಎಲ್ಲಿದೆ ಅಂತ ಕಾಣುತ್ತದೆ. ಮೆಸೇಜ್ ಓದುವುದಕ್ಕೆ ಅದರಲ್ಲಿ ಬರುವುದಿಲ್ಲ. ಈ ಫೋನ್ ಮೇಲೆ ಅಪ್ಪ ಅಮ್ಮನ ನಿಗಾ ಇದೆ ಅಂತ ಮಗುವಿಗೂ ಫೋನಲ್ಲೇ ಕಾಣುತ್ತದೆ. ಮೊದಲು ಇದನ್ನು ಕೊರತೆ ಅಂದುಕೊಂಡಿದ್ದೆ. ಈಗ ನನಗೆ ಅದರಲ್ಲಿ ಜಾಸ್ತಿ ಇಷ್ಟವಾಗುವುದೇ ಇದು.

ಇನ್‌ಸ್ಟಾಗ್ರಾಮ್‌ದೂ ಹೆಚ್ಚು ಕಮ್ಮಿ ಇದೇ ಲೆಕ್ಕ. 2024ರಲ್ಲಿ ಬೇರೆ ದೇಶಗಳಲ್ಲಿ ಶುರುವಾದ 'ಟೀನ್ ಅಕೌಂಟ್' 2025ರ ಫೆಬ್ರವರಿಯಲ್ಲಿ ನಮ್ಮಲ್ಲಿಗೂ ಬಂತು. 18 ಆಗದವರ ಖಾತೆ ತಾನಾಗಿಯೇ ಪ್ರೈವೇಟ್ ಆಗಿರುತ್ತದೆ. ಮಗುವಿನ ಜೊತೆ ಮೊದಲೇ ಸಂಪರ್ಕ ಇಲ್ಲದವರು ಮೆಸೇಜ್ ಕಳಿಸಲು ಆಗುವುದಿಲ್ಲ. ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ನೋಟಿಫಿಕೇಶನ್ ಬಂದ್. ಇದನ್ನೆಲ್ಲ ಸಡಿಲ ಮಾಡಬೇಕಾದರೆ 16ರೊಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು. ಪೋಷಕರು ಜೊತೆಗೆ ಸೇರಿಕೊಂಡರೆ ಹಿಂದಿನ ಏಳು ದಿನದಲ್ಲಿ ಮಗು ಯಾರ ಜೊತೆ ಮಾತಾಡಿದೆ ಅಂತ ಕಾಣುತ್ತದೆ, ಏನು ಮಾತಾಡಿದೆ ಅಂತ ಕಾಣುವುದಿಲ್ಲ.

ಆದರೆ ಇದೆಲ್ಲ ನಿಂತಿರುವುದು ಒಂದೇ ಒಂದು ವಿಷಯದ ಮೇಲೆ, ಖಾತೆ ತೆರೆಯುವಾಗ ಕೊಟ್ಟ ಹುಟ್ಟಿದ ವರ್ಷದ ಮೇಲೆ. 2011ರಲ್ಲಿ ಹುಟ್ಟಿದ ಹುಡುಗ 2001 ಅಂತ ಹಾಕಿದರೆ ಇನ್‌ಸ್ಟಾಗ್ರಾಮ್ ಅವನನ್ನು ದೊಡ್ಡವನು ಅಂತಲೇ ತಿಳಿಯಬಹುದು. ಆಗ ಮೇಲೆ ಹೇಳಿದ ಒಂದೂ ಅವನಿಗೆ ಸಿಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಆ ಸುಳ್ಳು ವರ್ಷ ಹಾಕಿಕೊಟ್ಟವರು ನಾವೇ, "ಅಮ್ಮಾ, ತಗೊಳ್ತಾ ಇಲ್ಲ" ಅಂದಾಗ. ಇವತ್ತು ಮಗುವಿನ ಜೊತೆ ಕೂತು ಒಂದೇ ಒಂದು ಕೆಲಸ ಮಾಡುವುದಾದರೆ ಆ ಹುಟ್ಟಿದ ದಿನಾಂಕ ನೋಡಿ, ತಪ್ಪಿದ್ದರೆ ಸರಿ ಮಾಡಿ.

ಕಳ್ಳ ಆ್ಯಪ್‌ಗಳ ಮಾತು ಪೂರ್ತಿ ಬೇರೆ. "ಮಗುವಿಗೆ ಗೊತ್ತೇ ಆಗಲ್ಲ, ವಾಟ್ಸಾಪ್ ಎಲ್ಲ ಓದಬಹುದು" ಅಂತ ಜಾಹೀರಾತು ಬರುತ್ತದಲ್ಲ, ಅವು. ವಾಟ್ಸಾಪ್ ಮೆಸೇಜ್ ಕಳಿಸಿದವರಿಗೂ ಪಡೆದವರಿಗೂ ಬಿಟ್ಟು ದಾರಿಯಲ್ಲಿ ಯಾರಿಗೂ ಓದಲು ಬರದ ಹಾಗೆ ಗೂಢಲಿಪಿಯಲ್ಲಿ ಹೋಗುತ್ತದೆ. ಹಾಗಾದರೆ ಇವು ಹೇಗೆ ಓದುತ್ತವೆ? ದಾರಿಯಲ್ಲಿ ಓದುವುದಿಲ್ಲ, ಫೋನಿನ ಪರದೆಯ ಮೇಲೆ ಓದುತ್ತವೆ. ಕಣ್ಣು ಕಾಣದವರಿಗೆ ಪರದೆ ಮೇಲಿನ ಅಕ್ಷರ ಓದಿ ಹೇಳುವುದಕ್ಕೆ ಆಂಡ್ರಾಯ್ಡ್‌ನಲ್ಲಿ 'ಆ್ಯಕ್ಸೆಸಿಬಿಲಿಟಿ' ಅಂತ ಸೌಲಭ್ಯ ಇದೆ. ಆ ಅನುಮತಿ ಸಿಕ್ಕಿದ ಆ್ಯಪ್‌ಗೆ ಪರದೆಯಲ್ಲಿ ಬಂದದ್ದು ಹೆಚ್ಚುಕಮ್ಮಿ ಎಲ್ಲವೂ ಕಾಣುತ್ತದೆ. ಇಂಥ ಗೂಢಚಾರಿ ಆ್ಯಪ್‌ಗಳಿಗೆ ಪ್ಲೇ ಸ್ಟೋರ್‌ನಲ್ಲಿ ಜಾಗ ಇಲ್ಲ. ಮಕ್ಕಳ ಮೇಲೆ ನಿಗಾ ಇಡುವ ಆ್ಯಪ್ ಆದರೂ ಅದು ಫೋನಲ್ಲಿ ಕಾಣುತ್ತಲೇ ಇರಬೇಕು ಅನ್ನುವುದು ಗೂಗಲ್ ನಿಯಮ. ಹಾಗಾಗಿ ಹೊರಗಿನ ಸೈಟ್‌ನಿಂದ ಇಳಿಸಿಕೊಳ್ಳಿ, ಮೊದಲು 'ಪ್ಲೇ ಪ್ರೊಟೆಕ್ಟ್' ಆಫ್ ಮಾಡಿ ಅನ್ನುತ್ತಾರೆ. ಅಂದರೆ ಫೋನಿನ ಕಾವಲುಗಾರನನ್ನು ಮಲಗಿಸಿ ಒಳಗೆ ಬರುತ್ತಾರೆ. ಓದಿದ್ದು ನಮ್ಮ ಫೋನ್‌ಗೆ ಬರುವ ಮೊದಲು ಯಾವುದೋ ದೇಶದ ಕಂಪ್ಯೂಟರಿಗೆ ಹೋಗುತ್ತದೆ. ಎಂಸ್ಪೈ ಅನ್ನುವ ಇಂಥ ಸೇವೆಯೊಂದರಿಂದ 2015, 2018, 2024ರಲ್ಲಿ, ಮೂರು ಸಲ ಮಾಹಿತಿ ಸೋರಿದೆ. ಅಪರಿಚಿತರಿಂದ ಮಗುವನ್ನು ಕಾಪಾಡಲು ಹೋಗಿ, ಮಗುವಿನ ಫೋಟೋ, ಮಾತು, ಎಲ್ಲಿದ್ದಾಳೆ ಅನ್ನುವುದು ಎಲ್ಲವನ್ನೂ ಅಪರಿಚಿತರ ಕೈಗೆ ನಾವೇ ಕೊಟ್ಟ ಹಾಗಾಯಿತು. ಇದನ್ನು ಯಾವ ಕಾರಣಕ್ಕೂ ಹಾಕಬೇಡಿ.

ಇಷ್ಟು ಹೊತ್ತು ಮಗುವಿಗೆ ಬೇರೆ ಫೋನ್ ಇದೆ ಅಂದುಕೊಂಡು ಹೇಳಿದೆ. ನಮ್ಮ ಕಡೆ ಜಾಸ್ತಿ ಮನೆಗಳಲ್ಲಿ ಹಾಗಿಲ್ಲ. ಇರುವುದು ಅಮ್ಮನ ಫೋನ್. ಸ್ಕೂಲಿನ ಗ್ರೂಪ್, ಹೋಂವರ್ಕ್, ಫೀಸ್ ಕಟ್ಟುವ ಫೋನ್‌ಪೇ, ಅತ್ತೆಯ ಬಿಪಿ ರಿಪೋರ್ಟ್, ಮಗನ ಗೇಮ್ ಎಲ್ಲ ಒಂದರಲ್ಲೇ. ಇಲ್ಲಿ ಖಾಸಗಿತನ ಎರಡೂ ಕಡೆಯಿಂದ ಹರಿದುಹೋಗುತ್ತದೆ. ಅಮ್ಮ ಮಗನ ಚಾಟ್ ನೋಡುತ್ತಾಳೆ. ಮಗ, ಅಮ್ಮ ತನ್ನ ಅಕ್ಕನಿಗೆ ಬರೆದ ಸಾಲದ ವಿಷಯ ಓದುತ್ತಾನೆ. ಯುಪಿಐ ಪಿನ್ ಅಂತೂ ಮಕ್ಕಳಿಗೆ ಬಾಯಿಪಾಠ. ಇಂಥ ಫೋನಲ್ಲಿ ಮಾಡಬಹುದಾದದ್ದು ಸ್ವಲ್ಪವೇ, ಆದರೂ ಉಪಯೋಗಕ್ಕೆ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ 'ಆ್ಯಪ್ ಪಿನ್ನಿಂಗ್' ಇದ್ದರೆ ಆನ್ ಮಾಡಿ, ಪಾಠದ ವಿಡಿಯೊ ತೆರೆದು ಪಿನ್ ಮಾಡಿ ಕೊಟ್ಟರೆ, ನಿಮ್ಮ ಲಾಕ್ ನಂಬರ್ ಇಲ್ಲದೆ ಅದರಿಂದ ಹೊರಗೆ ಬರಲು ಆಗದ ಹಾಗೆ ಇಡಬಹುದು. ಕೆಲವು ಫೋನ್‌ಗಳಲ್ಲಿ ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಬಹುದು. ಬ್ಯಾಂಕ್ ಆ್ಯಪ್‌ಗಳಿಗೆ, ವಾಟ್ಸಾಪ್‌ಗೆ ಬೇರೆ ಲಾಕ್ ಹಾಕಿ, ಪಿನ್ ಬದಲಾಯಿಸಿ. ಮಗುವಿನಿಂದ ಅಡಗಿಸಲು ಅಲ್ಲ, ಒಬ್ಬೊಬ್ಬರಿಗೂ ಒಂದೊಂದು ಮೂಲೆ ಇರುತ್ತದೆ ಅಂತ ತೋರಿಸಲು. ತನ್ನದನ್ನು ಅಮ್ಮ ಕಾಪಾಡಿಕೊಳ್ಳುವುದನ್ನು ನೋಡಿದ ಮಗು ತನ್ನದನ್ನೂ ಕಾಪಾಡಿಕೊಳ್ಳುವುದು ಕಲಿಯುತ್ತದೆ.

ಕಾನೂನು ಏನು ಹೇಳುತ್ತದೆ ಅಂತ ಕೇಳುವವರು ಇದ್ದಾರೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸ್ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮಕ್ಕಳ ವಿಷಯವನ್ನೂ ಎತ್ತಿದ್ದಾರೆ. ಅರಿಯದ ವಯಸ್ಸಲ್ಲಿ ಆನ್‌ಲೈನಲ್ಲಿ ಮಾಡಿದ ತಪ್ಪಿನ ಹೊರೆಯನ್ನು ಮಕ್ಕಳು ಜೀವನಪೂರ್ತಿ ಹೊರಬಾರದು ಅನ್ನುವುದು ಅವರ ಮಾತಿನ ಸಾರ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ 16ನೇ ವಿಧಿ ಮಗುವಿಗೆ ಖಾಸಗಿತನ ಕೊಡುತ್ತದೆ. 5ನೇ ವಿಧಿ ಅಪ್ಪ ಅಮ್ಮನಿಗೆ ದಾರಿ ತೋರಿಸುವ ಹಕ್ಕು ಕೊಡುತ್ತದೆ, ಆದರೆ ಮಗುವಿನ ತಿಳಿವಳಿಕೆ ಬೆಳೆದಂತೆ ಅದಕ್ಕೆ ತಕ್ಕ ಹಾಗೆ. ಎರಡನ್ನೂ ಜೊತೆಗಿಟ್ಟು ಓದಿದಾಗ ನನಗೆ ಸಮಾಧಾನ ಆಯಿತು. ಒಂದು ಹಕ್ಕು ಇನ್ನೊಂದನ್ನು ತಿನ್ನಬೇಕಾಗಿಲ್ಲ.

ಇನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. 18 ಆಗದವರೆಲ್ಲ ಇದರ ಪ್ರಕಾರ ಮಕ್ಕಳು. ಅವರ ಮಾಹಿತಿ ಬಳಸಲು ಕಂಪನಿಗಳು ಪೋಷಕರ ಒಪ್ಪಿಗೆಯನ್ನು ಖಚಿತ ಮಾಡಿಕೊಂಡು ಪಡೆಯಬೇಕು. ಮಕ್ಕಳ ಬೆನ್ನು ಹತ್ತಿ ಅವರು ಏನು ನೋಡುತ್ತಾರೆ ಅಂತ ಲೆಕ್ಕ ಇಡುವುದು, ಅದಕ್ಕೆ ತಕ್ಕ ಜಾಹೀರಾತು ತೋರಿಸುವುದು ಮಾಡಬಾರದು. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯವಾದವು ಜಾರಿಯಾಗುವುದು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ಹೊತ್ತಿಗೆ. ಗಮನಿಸಬೇಕಾದದ್ದು ಏನೆಂದರೆ, ಈ ಕಾಯ್ದೆ ಕಟ್ಟಿಹಾಕುವುದು ಕಂಪನಿಗಳನ್ನು. ಮನೆಯೊಳಗೆ ಸ್ವಂತ ಕಾರಣಕ್ಕೆ ಒಬ್ಬರು ಮಾಡುವುದಕ್ಕೆ ಅದು ಅನ್ವಯಿಸುವುದಿಲ್ಲ. ಮಗಳ ಚಾಟ್ ಓದಿದ ಅಮ್ಮನನ್ನು ಅದು ಹಿಡಿಯುವುದಿಲ್ಲ. ನಮ್ಮ ಕೈ ಹಿಡಿದು ನಿಲ್ಲಿಸುವವರು ಯಾರೂ ಇಲ್ಲ, ನಾವೇ ನಿಲ್ಲಬೇಕು.

ಪೂರ್ತಿ ನಿಷೇಧ ಮಾಡಿಬಿಟ್ಟರೆ ಅಂತ ಕೇಳಬಹುದು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ಆಗದವರು ದೊಡ್ಡ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವ ಹಾಗಿಲ್ಲ. ಆದರೆ 16 ತುಂಬಿದ ಮರುದಿನ ಎಲ್ಲ ಬಾಗಿಲೂ ಒಟ್ಟಿಗೇ ತೆಗೆಯುತ್ತದಲ್ಲ, ಅದಕ್ಕೆ ಮಗುವನ್ನು ಯಾರೋ ಮೊದಲೇ ತಯಾರು ಮಾಡಬೇಕು. ಆ ಕೆಲಸ ಮತ್ತೆ ನಮ್ಮ ತಲೆ ಮೇಲೆಯೇ.

ಒಂದು ಮಾತು ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಮನೆಗಳಲ್ಲಿ ಕಾವಲು ಇರುವುದು ಹೆಣ್ಣುಮಕ್ಕಳ ಫೋನಿಗೆ. ಅಣ್ಣನ ಫೋನ್‌ಗೆ ಲಾಕ್ ಇರಬಹುದು, ತಂಗಿಯದ್ದಕ್ಕೆ ಇರಬಾರದು. ಎಷ್ಟೋ ಸಲ ಅಲ್ಲಿ ಹುಡುಕುವುದು ಅಪಾಯವನ್ನಲ್ಲ. ಯಾವ ಹುಡುಗ, ಯಾವ ಜಾತಿ ಅನ್ನುವುದನ್ನು. ಅದಕ್ಕೆ ಸುರಕ್ಷತೆ ಅಂತ ಹೆಸರಿಡುತ್ತೇವೆ. ಈ ಕಡೆ ಗಂಡುಮಕ್ಕಳು ಗೇಮಲ್ಲಿ ದುಡ್ಡು ಕಳೆದುಕೊಂಡು, ಹುಡುಗಿ ಹೆಸರಲ್ಲಿ ಬಂದ ನಕಲಿ ಖಾತೆಗೆ ಫೋಟೋ ಕಳಿಸಿ, ಬೆದರಿಕೆಗೆ ಸಿಕ್ಕಿ, ಯಾರಿಗೂ ಹೇಳಲಾಗದೆ ಒದ್ದಾಡುತ್ತಾರೆ. ಅವರನ್ನು ಕೇಳುವವರೇ ಇಲ್ಲ. ಮನೆಯ ನಿಯಮ ಇಬ್ಬರಿಗೂ ಒಂದೇ ಇರಲಿ.

ಹಾಗಾದರೆ ಚಾಟ್ ಓದಲೇಬಾರದಾ? ಓದಬೇಕಾದ ಸಮಯ ಬರುತ್ತದೆ. ಮಗು ರಾತ್ರಿಯೆಲ್ಲ ನಿದ್ದೆ ಮಾಡುತ್ತಿಲ್ಲ, ನಾವು ಹತ್ತಿರ ಬಂದರೆ ಫೋನ್ ತಿರುಗಿಸಿ ಇಡುತ್ತದೆ, ಯಾರೋ ರೀಚಾರ್ಜ್ ಮಾಡಿಸಿದ್ದಾರೆ, ಮನೆಯ ದುಡ್ಡು ಕಾಣೆಯಾಗಿದೆ, ಸಾಯುವ ಮಾತಾಡುತ್ತದೆ. ಇಂಥದ್ದು ಕಂಡರೆ ಖಾಸಗಿತನ ಅಂತ ಕೈಕಟ್ಟಿ ಕೂರಬಾರದು. ಆಗಲೂ ಮೊದಲು ಹೇಳಿ. "ನನಗೆ ಭಯ ಆಗ್ತಿದೆ, ಇವತ್ತು ನಿನ್ನ ಫೋನ್ ನೋಡ್ತೀನಿ, ನೀನೂ ಪಕ್ಕದಲ್ಲೇ ಕೂತ್ಕೋ." ಮಗು ಕೋಪ ಮಾಡಿಕೊಳ್ಳುತ್ತದೆ. ಆದರೆ ಮೋಸ ಹೋದೆ ಅಂದುಕೊಳ್ಳುವುದಿಲ್ಲ. ಕೋಪ ಇಳಿಯುತ್ತದೆ. ಮೋಸ ಹೋದೆ ಅನ್ನುವುದು ಎಷ್ಟು ದಿನ ಇರುತ್ತದೆ ಅಂತ ನನಗೆ ಗೊತ್ತು.

ಫೋಟೋ ಇಟ್ಟುಕೊಂಡು ಯಾರೋ ಬೆದರಿಸುತ್ತಿದ್ದಾರೆ ಅಂತ ಗೊತ್ತಾದರೆ ಮೊದಲ ಹತ್ತು ನಿಮಿಷ ಬೈಯಬೇಡಿ. ದುಡ್ಡು ಕಳಿಸಬೇಡಿ, ಕಳಿಸಿದರೆ ಮತ್ತೆ ಕೇಳುತ್ತಾರೆ. ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಖಾತೆಯ ಹೆಸರು, ನಂಬರ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು, ಆಮೇಲೆ ಬ್ಲಾಕ್ ಮಾಡಿ. ಆದರೆ ಆ ಫೋಟೋವನ್ನು ಮಾತ್ರ ಯಾರಿಗೂ, ಸಹಾಯ ಕೇಳುವುದಕ್ಕೂ, ಫಾರ್ವರ್ಡ್ ಮಾಡಬೇಡಿ. ಸೈಬರ್ ಅಪರಾಧಕ್ಕೆ 1930, ಮಕ್ಕಳ ಸಹಾಯವಾಣಿ 1098. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮಕ್ಕಳ ಲೈಂಗಿಕ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು. ಪ್ರತಿ ಜಿಲ್ಲೆಯಂತೆ ತುಮಕೂರಿನಲ್ಲೂ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ. 'ಟೇಕ್ ಇಟ್ ಡೌನ್' ಅಂತ ಒಂದು ಉಚಿತ ಸೇವೆ ಇದೆ. 18 ಆಗುವ ಮೊದಲು ತೆಗೆದ ಇಂಥ ಫೋಟೋಗೆ ಅದು ನಿಮ್ಮ ಫೋನಿನೊಳಗೇ ಒಂದು ಬೆರಳಚ್ಚಿನಂಥ ಸಂಖ್ಯೆ ಮಾಡುತ್ತದೆ. ಫೋಟೋ ಫೋನಿನಲ್ಲೇ ಉಳಿಯುತ್ತದೆ, ಸಂಖ್ಯೆ ಮಾತ್ರ ಹೋಗುತ್ತದೆ. ಅದನ್ನು ಇಟ್ಟುಕೊಂಡು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥವು ಆ ಫೋಟೋ ಎಲ್ಲಿ ಕಂಡರೂ ತೆಗೆದುಹಾಕಬಹುದು. ಮರ್ಯಾದೆಗೆ ಅಂಜಿ ಸುಮ್ಮನಿರುವವರಿಗೆ ಇದೂ ಗೊತ್ತಿರಲಿ: 2012ರ ಪೋಕ್ಸೊ ಕಾಯ್ದೆಯಲ್ಲಿ ಮಗುವಿನ ಹೆಸರು, ಮನೆ, ಶಾಲೆಯ ಗುರುತನ್ನು ಮಾಧ್ಯಮಗಳು ಬಯಲು ಮಾಡುವ ಹಾಗಿಲ್ಲ. ಫೋನ್ ಬಿಡಲಾಗದ ಚಟ ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್ ಕ್ಲಿನಿಕ್' ನಡೆಯುತ್ತಿದೆ. ನಮ್ಮೂರಿಂದ ಹೋಗಿ ಬರುವುದು ಒಂದು ದಿನದ ಕೆಲಸ.

ಈ ಯಾವುದೂ ಶುರುವಾಗಬೇಕಾದರೆ ಮಗು ಬಂದು ಹೇಳಬೇಕು, ಅಲ್ವಾ? ಕದ್ದು ಓದುವ ಅಮ್ಮನಿಗೆ ಮಗು ಹೇಳುವುದಿಲ್ಲ. ಗೆಳತಿಯ ಫೋನಲ್ಲಿ ಇನ್ನೊಂದು ಖಾತೆ ತೆರೆಯುತ್ತದೆ. ಅಲ್ಲಿ ನಮ್ಮ ಯಾವ ಬಾಗಿಲೂ ಇರುವುದಿಲ್ಲ.

ನಾವೇ ಹಾಳು ಮಾಡುವ ಖಾಸಗಿತನವೂ ಇದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಮಾರ್ಕ್ಸ್ ಕಾರ್ಡನ್ನು ರಿಜಿಸ್ಟರ್ ನಂಬರ್ ಸಮೇತ ಸ್ಟೇಟಸ್‌ಗೆ ಹಾಕುತ್ತೇವೆ. ಕೇಳದೆಯೇ ಮಗುವಿನ ಮುಖ ಫ್ಲೆಕ್ಸ್ ಮೇಲೆ ಬರುತ್ತದೆ. ಒಂಬತ್ತನೇ ಕ್ಲಾಸಲ್ಲಿ ನನ್ನ ಮಗಳ ಹುಟ್ಟುಹಬ್ಬದ ಫೋಟೋ ಹಾಕುವ ಮೊದಲು ಮೊದಲ ಸಲ "ಇದು ಹಾಕ್ಲಾ?" ಅಂತ ಕೇಳಿದೆ. ಅವಳು ಐದರಲ್ಲಿ ಮೂರು ಬೇಡ ಅಂದಳು. ಆ ನಾಲ್ಕು ತಿಂಗಳ ಮೌನ ಒಡೆದದ್ದು ಅವತ್ತು.

ಆಮೇಲೆ ಇಬ್ಬರೂ ಕೂತು ಅವಳ ರಫ್ ನೋಟ್‌ಬುಕ್‌ನ ಒಂದು ಹಾಳೆಯಲ್ಲಿ ಬರೆದೆವು. ರಾತ್ರಿ ಒಂಬತ್ತೂವರೆಗೆ ಎಲ್ಲರ ಫೋನೂ ಹಾಲ್‌ನ ಶೆಲ್ಫ್ ಮೇಲೆ, ಅಪ್ಪನದ್ದೂ ಸೇರಿ. ಹೊಸ ಆ್ಯಪ್ ಹಾಕಲು ಕೇಳಬೇಕು. ಗೊತ್ತಿಲ್ಲದವರ ಮೆಸೇಜ್ ಬಂದರೆ ತೋರಿಸಬೇಕು, ತೋರಿಸಿದ್ದಕ್ಕೆ ಫೋನ್ ಕಿತ್ತುಕೊಳ್ಳುವ ಹಾಗಿಲ್ಲ. ಅದನ್ನು ಅವಳೇ ಬರೆದು ಕೆಳಗೆ ಎರಡು ಗೆರೆ ಎಳೆದಳು. ಚಾಟ್ ಓದುವ ಹಾಗಿಲ್ಲ. ಲೊಕೇಶನ್ ಮೂವರದ್ದೂ ಮೂವರಿಗೂ ಕಾಣಬೇಕು.

ಕಳೆದ ವರ್ಷ ಒಂದು ಸಂಜೆ ಬಂದು ಫೋನ್ ನನ್ನ ಕೈಗಿಟ್ಟಳು. ಯಾರೋ "ನಿನ್ನ ರೀಲ್ಸ್ ಚೆನ್ನಾಗಿದೆ, ಮಾಡೆಲಿಂಗ್ ಚಾನ್ಸ್ ಇದೆ, ನಂಬರ್ ಕೊಡು" ಅಂತ ಬರೆದಿದ್ದರು. ಜೊತೆಯಲ್ಲೇ ಸ್ಕ್ರೀನ್‌ಶಾಟ್ ತೆಗೆದೆವು, ರಿಪೋರ್ಟ್ ಮಾಡಿದೆವು, ಬ್ಲಾಕ್ ಮಾಡಿದೆವು. ಫೋನ್ ಅವಳಿಗೇ ವಾಪಸ್ ಕೊಟ್ಟೆ. ಅವಳ ಬೇರೆ ಮೆಸೇಜ್‌ಗಳು ಅಲ್ಲೇ ಕೆಳಗೆ ಕಾಣುತ್ತಿದ್ದವು. ನೋಡಲಿಲ್ಲ.

ಈಗ ಅವಳಿಗೆ 15, ಬರುವ ಜೂನ್‌ಗೆ ಪಿಯುಸಿ. ಆ ಹಾಳೆಯನ್ನು ಅವತ್ತು ಮತ್ತೆ ತೆಗೆಯಬೇಕು ಅಂತ ಮಾತಾಗಿದೆ. ಆ್ಯಪ್‌ಗೆ ಕೇಳುವುದು ತೆಗೆಯೋಣ ಅಂದಿದ್ದಾಳೆ, ಒಪ್ಪಿದ್ದೇನೆ. ಒಂಬತ್ತೂವರೆಯನ್ನು ಹತ್ತೂವರೆ ಮಾಡು ಅನ್ನುತ್ತಾಳೆ, ಅದಿನ್ನೂ ಚರ್ಚೆಯಲ್ಲಿದೆ. ಲೊಕೇಶನ್ ತೆಗೆಯಲಾ ಅಂತ ನಾನೇ ಕೇಳಿದೆ. "ಬೇಡಮ್ಮ, ಟ್ಯೂಷನ್ ಮುಗಿಸ್ಕೊಂಡು ಬಟವಾಡಿ ಹತ್ರ ಇಳಿಯೋವಾಗ ಕತ್ತಲಾಗಿರತ್ತೆ. ಅದು ಇರ್ಲಿ" ಅಂದಳು.